ತಮ್ಮನ ಎಡಗಿವಿಯ ಬಣ್ಣ

ಮಧ್ಯಾಹ್ನದ ಹೊತ್ತಿಗೆ ನಾನು ಕಾಲು ಸುಟ್ಟ ಬೆಕ್ಕಿನಂತೆ ಕಿಟಕಿಗೂ ಮೇಜಿಗೂ ನಡುವೆ ಓಡಾಡುತ್ತಿದ್ದೆ. ತಮ್ಮನ ಎಡಗಿವಿ ಒಂದು ಬಣ್ಣದಲ್ಲಿ ನಿಲ್ಲುತ್ತಲೇ ಇರಲಿಲ್ಲ.

ಬಲಗಿವಿ ಅಪಘಾತದಲ್ಲಿ ಹೋಗಿತ್ತು. ಕೇಳಿಸುವುದಕ್ಕೇನೂ ತೊಂದರೆಯಿಲ್ಲ, ಹೋದದ್ದು ಹೊರಗೆ ಕಾಣುವ ಕಿವಿ. ಆದರೆ ಅವನು ಸಲೂನಿನಲ್ಲಿ ಕೂದಲು ಕತ್ತರಿಸುವವನು. ಅಲ್ಲಿ ಮೂರು ಗೋಡೆಗೂ ಕನ್ನಡಿ. ದಿನವಿಡೀ ತನ್ನನ್ನೇ ನೋಡಿಕೊಳ್ಳುತ್ತ ಕಂಡವರ ಕಿವಿಯ ಸುತ್ತ ಕತ್ತರಿ ಆಡಿಸಬೇಕು. ಹೊಸ ಕಿವಿ ಬರುವವರೆಗೂ ಹೊರಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದು ಕೂತಿದ್ದ. ಸೋಮವಾರ ಬರದಿದ್ದರೆ ಅವನ ಕುರ್ಚಿಗೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆಂದು ಮಾಲೀಕ ಹೇಳಿಯಾಗಿತ್ತು.

ಸಿಲಿಕೋನಿನಲ್ಲಿ ಕಿವಿ ಮಾಡುವಾಕೆಯೊಬ್ಬರಿದ್ದರು. ತಮ್ಮ ಅವರಿಗೆ ಕಿವಿಯಮ್ಮ ಎಂದು ಹೆಸರಿಟ್ಟಿದ್ದ. ಟೋಪಿಯಲ್ಲಿ ಕಿವಿ ಮುಚ್ಚಿಕೊಂಡು ಒಂದೇ ಸಲ ಹೋಗಿ ಅಳತೆ ಕೊಟ್ಟು ಬಂದಿದ್ದ. ಆಕಾರ ಸಿದ್ಧವಾಗಿತ್ತು, ಬಣ್ಣ ಬಾಕಿ. ಬಣ್ಣ ಹಚ್ಚುವಾಗ ಎದುರಿಗೇ ಕೂರಬೇಕು. ಇವನು ಸುತರಾಂ ಒಪ್ಪಲಿಲ್ಲ. ಅಲ್ಲಿ ಕಾಯುವವರೆಲ್ಲ ತನ್ನನ್ನೇ ನೋಡುತ್ತಾರಂತೆ. ಅವರಲ್ಲೊಬ್ಬರಿಗೆ ಮೂಗೇ ಇರಲಿಲ್ಲ, ಪಾಪ, ಅವರು ಇವನ ಕಿವಿ ಕಟ್ಟಿಕೊಂಡು ಏನು ಮಾಡುತ್ತಾರೆ!

ಆಗ ನಾನು ಮಧ್ಯೆ ಬಾಯಿ ಹಾಕಿದೆ. ನಾನು ಮಕ್ಕಳ ಪುಸ್ತಕಗಳಿಗೆ ಟ್ಯಾಬಿನಲ್ಲಿ ಚಿತ್ರ ಬರೆಯುವವಳು. ಪ್ರತಿ ಪುಸ್ತಕಕ್ಕೂ ನನ್ನದೇ ಬಣ್ಣಗಳ ಪ್ಯಾಲೆಟ್ ಮಾಡಿಕೊಳ್ಳುತ್ತೇನೆ. “ಇನ್ನೊಂದು ಕಿವಿ ನೋಡಿ ಪ್ಯಾಲೆಟ್ ಮಾಡಿ ಕಳಿಸ್ತೀನಿ ಮೇಡಂ, ಅದೇನು ಮಹಾ ಕೆಲಸ” ಎಂದು ಕೊಚ್ಚಿಕೊಂಡೆ. “ಶುಕ್ರವಾರ ಸಂಜೆಯೊಳಗೆ ಕಳಿಸಿ. ಮುಂದಿನ ವಾರದಿಂದ ನಾನು ರಜೆ” ಎಂದಿದ್ದರು ಕಿವಿಯಮ್ಮ. ಆ ಶುಕ್ರವಾರ ಇವತ್ತೇ.

ಅವನನ್ನು ಕಿಟಕಿಯ ಬಳಿ ಕೂರಿಸಿ, ಕಿವಿಯ ಪಕ್ಕ ಬಿಳಿ ಹಾಳೆ ಹಿಡಿದು ಫೋಟೊ ತೆಗೆದೆ. ಬಿಳಿ ಬಿಳಿಯಾಗಿಯೇ ಬಂದರೆ ಉಳಿದ ಬಣ್ಣಗಳನ್ನೂ ನಂಬಬಹುದು. ಫೋಟೊದ ಮೇಲೆ ಬೆರಳು ಒತ್ತಿ ಹಿಡಿದರೆ ಅಲ್ಲಿಯ ಬಣ್ಣ ಎದ್ದು ಬರುತ್ತದೆ. ಅದನ್ನು ಖಾಲಿ ಚೌಕದಲ್ಲಿ ಕೂರಿಸಿ ಹೆಸರು ಕೊಡಬೇಕು. ಹಾಲೆ, ಅಂಚು, ಒಳಮಡಿಕೆ, ಹಿಂಬದಿ. ಸರಿ ಬಂತೇ ಎಂದು ಟ್ಯಾಬನ್ನು ಪಕ್ಕಕ್ಕೆ ಹಿಡಿದರೆ ಕಿವಿ ಆಗಲೇ ಇನ್ನಷ್ಟು ಕೆಂಪಾಗಿತ್ತು.

“ಅಲ್ಲಾಡಬೇಡ್ವೋ.”

“ನಾನೆಲ್ಲಿ ಅಲ್ಲಾಡಿದೆ? ಬದನೆಕಾಯಲ್ಲಿ ಹುಳ ಹುಡುಕೋ ಹಾಗೆ ನೋಡ್ತಿದೀಯ. ಬೇಗ ಮುಗಿಸಕ್ಕ.”

“ಮೊದಲು ಆ ಮುಖ ಗಂಟು ಹಾಕ್ಕೊಂಡಿರೋದು ಬಿಡು.”

“ಮುಖ ಯಾಕೆ? ನಿಂಗೆ ಬೇಕಿರೋದು ಕಿವಿ ತಾನೆ!”

ನಮ್ಮ ಮನೆಯಲ್ಲಿ ಎಲ್ಲರಿಗೂ ಕೋಪ ಮೂಗಿನ ತುದಿಯಲ್ಲೇ. ಇವನೊಬ್ಬನಿಗೆ ಅದು ಅಲ್ಲಿ ನಿಲ್ಲದೆ ಕಿವಿಗೆ ಏರುತ್ತದೆ. ಅಂತೂ ಸಿಕ್ಕಿದ್ದನ್ನು ಜೋಡಿಸಿ ಕಳಿಸಿದೆ. ಕಿವಿಯಮ್ಮನ ಫೋನು ತಕ್ಷಣವೇ ಬಂತು.

“ಏನಮ್ಮ, ಇದು ಕುದೀತಾ ಇರೋ ಕಿವಿ. ಜಗಳ ಆಡಿದ್ರಾ?”

“ಸ್ವಲ್ಪ” ಎಂದೆ.

“ಇದನ್ನೇ ಹಚ್ಚಿದ್ರೆ ನಿಮ್ಮ ತಮ್ಮ ಜೀವನ ಪೂರ್ತಿ ಕೋಪದಲ್ಲೇ ಓಡಾಡಬೇಕಾಗುತ್ತೆ. ಸುಮ್ನೆ ಇರೋವಾಗಿನ ಬಣ್ಣ ಕಳಿಸಿ. ಬೆಳಕು ಹೋಗೋದ್ರೊಳಗೆ.”

“ಶಾಂತವಾಗಿರು” ಎಂದು ಹೇಳಿದ್ದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ತಣ್ಣೀರು ಕೊಟ್ಟೆ. ಹಾಡು ಹಾಕಿದೆ, ಆರಿಸು ಎಂದ. ಹೊರಗೆ ಹೋಗಿ ಬಾಗಿಲ ಸಂದಿಯಿಂದ ಇಣುಕಿದರೆ, “ನೋಡ್ತಿದೀಯ ಅಂತ ಗೊತ್ತು” ಎಂದ, ತಿರುಗಿಯೂ ನೋಡದೆ. ಕೊನೆಗೆ ಅಂದಾಜಿನ ಮೇಲೆ ಕೆಂಪು ಇಳಿಸುತ್ತ ಹೋದೆ. ಸ್ವಲ್ಪ ಇಳಿಸಿದರೆ ಸಾಲದು, ಇನ್ನೂ ಇಳಿಸಿದರೆ ಹೆಣದ ಕಿವಿ. ಸುಮ್ಮನಿದ್ದಾಗ ಅವನ ಕಿವಿ ಯಾವ ಬಣ್ಣ ಎಂಬುದೇ ನನಗೆ ನೆನಪಿಗೆ ಬರಲಿಲ್ಲ. ಎತ್ತಿ ಆಡಿಸಿದವಳು ನಾನು. ನಾಚಿಕೆಯಾಯಿತು.

ಬಿಸಿಲು ಕಿಟಕಿಯಿಂದ ಜಾರತೊಡಗಿತ್ತು. ಕಣ್ಣಿಗೆ ಬೀಳುತ್ತಿದ್ದ ಕೂದಲನ್ನು ಸಿಟ್ಟಿನಿಂದ ಹಿಂದಕ್ಕೆ ತಳ್ಳಿದೆ.

“ಅದನ್ನ ಯಾರು ಕತ್ತರಿಸಿದ್ದು?” ಎಂದ ತಮ್ಮ. “ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ.”

“ನಾನೇ. ನೀನು ಕತ್ತರಿ ಮುಟ್ಟಲ್ಲ ಅಂತ ಕೂತಿದೀಯಲ್ಲ.”

ಅವನಿಗೆ ತಡೆಯಲಾಗಲಿಲ್ಲ. ಎದ್ದು, ನನ್ನನ್ನು ಅದೇ ಕುರ್ಚಿಯಲ್ಲಿ ಕೂರಿಸಿ, ಮಂಚದ ಮೇಲಿನ ಬಿಳಿ ಹೊದಿಕೆಯನ್ನು ಕುತ್ತಿಗೆಗೆ ಸುತ್ತಿದ. ಟ್ಯಾಬ್ ಅದರ ಅಡಿಯಲ್ಲಿ ನನ್ನ ತೊಡೆಯ ಮೇಲೇ ಉಳಿಯಿತು. “ತಲೆ ಬಗ್ಗಿಸು” ಎಂದ. ತುಂಬ ದಿನಗಳ ಮೇಲೆ ಅವನ ದನಿಯಲ್ಲಿ ಮುನಿಸಿರಲಿಲ್ಲ.

ಎರಡೂ ಬದಿ ಸಮ ಬಂತೇ ಎಂದು ನೋಡಲು ಬಾಚಣಿಗೆಯನ್ನು ಹಲ್ಲಲ್ಲಿ ಕಚ್ಚಿಕೊಂಡು ಬಾಗಿದ. ಎಡಗಿವಿ ನನ್ನ ಕಣ್ಣೆದುರಿಗೇ ಬಂತು. ಹಾಲೆಯಲ್ಲಿ ಹಳದಿ ಬೆರೆತ ಕಂದು, ಅಂಚಿನಲ್ಲಿ ಇದ್ದೂ ಇಲ್ಲದಂಥ ಗುಲಾಬಿ, ಮಡಿಕೆಯ ನೆರಳಿನಲ್ಲಿ ತುಸು ಹಸಿರು. ಉಸಿರು ಬಿಗಿಹಿಡಿದು, ಟ್ಯಾಬನ್ನು ಮೆಲ್ಲಗೆ ಹೊರಗೆ ಜಾರಿಸಿ ಫೋಟೊ ತೆಗೆದೆ. ಅವನಿಗೆ ನನ್ನ ಕೂದಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ನನಗೆ ಅಳು ಬಂತು. ಅತ್ತರೆ ತಲೆ ಅಲ್ಲಾಡುತ್ತದೆ, ಬೈಯುತ್ತಾನೆ, ಕಿವಿ ಕೆಂಪಾಗುತ್ತದೆ ಎಂದು ನುಂಗಿಕೊಂಡೆ.

ಹೊಸ ಪ್ಯಾಲೆಟ್ ಮಾಡಿ ಕಳಿಸಿದೆ. “ಹೂಂ, ಇದು ನಿಮ್ಮ ತಮ್ಮನ ಬಣ್ಣ” ಎಂದರು ಕಿವಿಯಮ್ಮ.

ಭಾನುವಾರ ಹೋಗಿ ಕಿವಿ ತಂದೆ. ಸೋಮವಾರ ಬೆಳಗ್ಗೆ ಅವನು ಅದನ್ನು ಅಂಟಿಸಿಕೊಂಡು ಬಂದು ನಿಂತಾಗ ಯಾವುದು ಹುಟ್ಟಿದ್ದು, ಯಾವುದು ಮಾಡಿದ್ದು ಎಂದು ನನಗೇ ತಿಳಿಯಲಿಲ್ಲ. ಖುಷಿಗೆ ಬಾಯಿ ನಿಲ್ಲದೆ, ಫೋಟೊ ತೆಗೆದದ್ದು ಯಾವಾಗ ಎಂದು ಹೇಳಿಬಿಟ್ಟೆ.

“ನಂಗೆ ಹೇಳ್ದೆ ಕೇಳ್ದೆ ತೆಗೆದ್ಯಾ? ನಾನು ನಿನ್ನ ಕೂದಲು ಕತ್ತರಿಸ್ತಾ ಇದ್ರೆ ನೀನು...”

ಎಡಗಿವಿ ಭಗ್ಗೆಂದು ಕೆಂಪೇರಿತು. ಬಲಗಿವಿ ಇದ್ದಂತೆಯೇ ಇತ್ತು. ನನ್ನ ಮುಖ ನೋಡಿ ಅವನು ಮಾತು ನಿಲ್ಲಿಸಿದ.

“ಬೇರೆ ಬೇರೆ ಕಾಣ್ತಿದೆಯಾ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಕೋಪ ಬಂದಾಗ ಮಾತ್ರ ಕಣೋ.”

“ಹಾಗಾದ್ರೆ ಅಂಗಡೀಲಿ ತೊಂದ್ರೆ ಇಲ್ಲ ಬಿಡು. ಅಲ್ಲಿ ನಂಗೆ ಯಾರ ಮೇಲೂ ಕೋಪ ಬರಲ್ಲ, ಬರೋದು ನಿನ್ನೊಬ್ಬಳ ಮೇಲೆ” ಎಂದು ಚಪ್ಪಲಿ ಮೆಟ್ಟಿದ.

ಟೋಪಿಯಿಲ್ಲದೆ ಮೆಟ್ಟಿಲಿಳಿದು ಬೀದಿಗೆ ಹೋದ. ಊರಿಗೆಲ್ಲ ಇನ್ನು ಅವನಿಗೆ ಎರಡು ಕಿವಿ. ಒಂದೇ ಕಿವಿಯ ತಮ್ಮ ನನಗೊಬ್ಬಳಿಗೇ.