ಮುಖದ ಕೆಲಸ

ನಾಗರಪಂಚಮಿ ಕಳೆದ ಮೇಲೆ ಊರಿನವರು ಒಬ್ಬೊಬ್ಬರಾಗಿ ಮಣೆ ತಂದಿಟ್ಟು ಹೋಗುತ್ತಾರೆ. ಅವರವರ ಮಣೆಯ ಮೇಲೆ ಅವರವರ ಗಣಪತಿ ಕೂರಬೇಕು. ಹುಲೇಕಲ್ಲಿನಲ್ಲಿ ಗಣಪತಿ ಮಾಡುವ ನಾಗಪತಿಯ ಜಗುಲಿ ಆಗಲೇ ತುಂಬಿತ್ತು. ಮೂಲೆಯಲ್ಲಿ ಅವನ ಹೆಂಡತಿ ಗಂಗೆ ಅರಳೆ ಸೇರಿಸಿ ಕೊಡತಿಯಿಂದ ಮಣ್ಣು ಕುಟ್ಟುತ್ತಿದ್ದಳು. ಮದುವೆಯಾದ ವರ್ಷದಿಂದ ಮಣ್ಣು ಅವಳದು, ಗಣಪತಿಯ ಮುಖ ಅವನದು. ಅವಳ ಭುಜ ಈಗ ಮೊದಲಿನಂತೆ ಮೇಲಕ್ಕೇಳುತ್ತಿರಲಿಲ್ಲ. ಅದನ್ನು ಹೇಳಿಕೊಳ್ಳುವುದೂ ಸಾಕಾಗಿತ್ತು.

ಶಿರಸಿಯ ಕಾಲೇಜಿನಿಂದ ಬಂದ ಮಗಳು ಅನುಶ್ರೀ ಬ್ಯಾಗು ಇಳಿಸದೆಯೇ ಹೇಳಿದಳು. "ಶಿಲ್ಪ, ಸಿರಾಮಿಕ್ಸ್, ಎರಡೂ ಕ್ಲಾಸು ಒಂದೇ ಹೊತ್ತಿಗಂತೆ. ಒಂದೇ ತಗಳ್ಬೇಕು. ನಾಳೆ ಹೇಳ್ಬೇಕು."

"ಶಿಲ್ಪ ತಗ," ಅಂದ ನಾಗಪತಿ. "ಎಂತ ಕೇಳೂದು ಅದ್ರಲ್ಲಿ? ನನ್ನ ಕೈ ನಡುಗ್ತದೆ. ಮುಂದೆ ಮುಖ ಮಾಡೂಕೆ ಯಾರಿದ್ರು?"

"ನಂಗೆ ಮಣ್ಣು ಸುಡೂ ಕೆಲಸ ಬೇಕು ಅಪ್ಪ, ಸಿರಾಮಿಕ್ಸು. ಮಾಡಿದ್ದೆಲ್ಲ ನೀರಿಗೆ ಬಿಟ್ಟು ಬಿಟ್ಟು ಸಾಕಾಯ್ತು. ಒಂದು ತಾಟಾದ್ರೂ ಉಳೀಲಿ."

"ದೇವ್ರನ್ನ ಬಿಟ್ಟು ತಾಟು ಮಾಡ್ತದಂತೆ!"

ಅನು ಅಮ್ಮನ ಕಡೆ ನೋಡಿದಳು. ಗಂಗೆ ಕೊಡತಿ ನಿಲ್ಲಿಸದೆ ಕೇಳಿದಳು, "ಆ ಕ್ಲಾಸಲ್ಲಿ ಮೊದ್ಲು ಎಂತ ಕಲಿಸ್ತ್ರು?"

"ಮಣ್ಣು ಹದ ಮಾಡೂದು."

"ಅದ್ಕೆ ಕಾಲೇಜಿಗೆ ಹೋಗ್ಬೇಕನೇ ಮಾರಾಯ್ತಿ? ಇಲ್ಲೇ ಕೂತ್ಕ, ಪುಕ್ಕಟೆ ಕಲಿಸ್ತೆ."

ಅನು ನಕ್ಕಳು. ಗಂಗೆಗೆ ನಗು ಬರಲಿಲ್ಲ. ಮುಖ ಮಾಡುವವರ ಹತ್ತಿರಕ್ಕೆ ಚಾ ತಾನಾಗಿ ಬರುತ್ತದೆ. ಮಗಳಿಗೂ ಹಾಗೆ ಬರಲಿ ಎಂಬ ಆಸೆ ಅವಳಿಗಿತ್ತು. ಆದರೆ ಶಿಲ್ಪ ಎಂದರೆ ವರ್ಷ ವರ್ಷವೂ ಇದೇ ಜಗುಲಿ. ಮುಂದೆ ಮದುವೆಯಾಗಿ ಯಲ್ಲಾಪುರದಂಥ ಬೇರೆ ಊರಿಗೆ ಹೋದರೂ ಮಗಳಿಗೆ ಚೌತಿ ಹತ್ತಿರ ಬಂದರೆ ಅಪ್ಪನ ಫೋನು ಬರುತ್ತದೆ. ತನ್ನ ಮುಂದೆ ಮಾತ್ರ ಯಾರೂ ಎಂದೂ ಎರಡನ್ನಿಟ್ಟು ಯಾವುದು ಬೇಕು ಎಂದು ಕೇಳಿರಲಿಲ್ಲ.

"ಅನುಗೆ ಬೇಕಾದ್ದು ತಗಳ್ಲಿ," ಅಂದಳು.

"ಮತ್ತೆ ಮುಖ?"

"ನಾ ಮಾಡ್ತೆ."

ನಾಗಪತಿ ನಕ್ಕ. "ನಿಂಗೆ ಬರ್ತದನೇ?"

"ಹೋದ ವರ್ಷ ನೀವು ಜ್ವರ ಬಂದು ಮಲಗಿದ್ರಿ. ಬಿರುಕು ಬಿಟ್ಟ ಸೊಂಡಿಲು ಸರಿ ಮಾಡಿದ್ದು ಯಾರು? ದೇವ್ರಂತೂ ತಾನೇ ಮಾಡ್ಕಂಡಿಲ್ಲ."

ಗಂಗೆ ಕೈ ತೊಳೆದು ಬಂದಳು. ಗೆದ್ದೆ ಅನ್ನಿಸಲಿಲ್ಲ. ಇನ್ನೊಂದು ಕೆಲಸ ಮೈಮೇಲೆ ಬಂತು, ಅಷ್ಟೆ. ಗಂಡ ಕೂರುವ ಚಾಪೆಯ ಮೇಲೆ ಮೊದಲ ಸಲ ಕೂತು ಬೆನ್ನನ್ನು ಗೋಡೆಗೆ ಆನಿಸಿದಳು.

"ಮಣ್ಣು ಇನ್ನೂ ಹದ ಬರ್ಲಿಲ್ಲ," ಅಂದಳು. "ನೀವು ಕುಟ್ಟಿ. ನಡುಗೂ ಕೈಗೆ ಕುಟ್ಟೂಕೆ ಎಂತ ತೊಂದ್ರೆ?"

ನಾಗಪತಿ ಮಣ್ಣಿನ ಮೂಲೆಗೆ ಹೋದ. ಪಂಚೆ ಎತ್ತಿ ಕಟ್ಟಿ ಕೊಡತಿ ಹಿಡಿದ.