ಓಡುತ್ತಿರುವ ಮಷೀನು

"ಏನ್ರೇ, ಕೈ ಓಡಬೇಕಾದ ಹೊತ್ತಲ್ಲಿ ಬಾಯಿ ಓಡ್ತಿದೆ! ಹೆರಿಗೆ ವಾರ್ಡಿಂದ ಫೋನ್ ಮೇಲೆ ಫೋನು. ಬಾಣಂತಿಯರನ್ನ ನಿಮ್ಮಪ್ಪನ ತೊಡೆ ಮೇಲೆ ಮಲಗಿಸ್ಲೇನ್ರೇ, ಮುಂಡೇವಾ?"

ಮೇಸ್ತ್ರಿ ಬಾಗಿಲಾಚೆಯೇ ನಿಂತು ಕಿರುಚಿದ. ಒಳಗೆ ಕಾಲಿಟ್ಟವನಲ್ಲ. ಆಸ್ಪತ್ರೆಯ ಹಿಂಬದಿಯ ಆ ಒಗೆಯುವ ಮನೆಯ ವಾಸನೆ ಅವನಿಗೆ ಆಗುತ್ತಿರಲಿಲ್ಲ. ಆ ವಾಸನೆಯಲ್ಲೇ ದುಡಿಯುವ ಹೆಂಗಸರು ಮೊದಲು ಮೂವರಿದ್ದರು. ಈಗ ಇಬ್ಬರು.

"ತೊಡೆ ನಿಂದೇ ದಪ್ಪಗಿದೆಯಲ್ಲಣ್ಣ," ಅಂದಳು ಒಳಗಿನಿಂದ ಗಿಡ್ಡಿ. ಮೇಸ್ತ್ರಿ ಎಸೆಯಲು ಕಲ್ಲು ಹುಡುಕಿದ. ಸಿಗಲಿಲ್ಲ. ಉಗಿದು ಹೋದ.

ಸೋಪಕ್ಕ ತಲೆ ಎತ್ತಲಿಲ್ಲ. ತೊಟ್ಟಿಯಲ್ಲಿ ನೆನೆದಿದ್ದ ಆಪರೇಶನ್ ಥಿಯೇಟರಿನ ಶೀಟನ್ನು ಎಳೆದು, ಮಡಿಕೆ ಬಿಡಿಸಿ, ಅಂಗೈಯಿಂದ ತಡವುತ್ತಾ ಹೋದಳು. ನೀರು ಕೆಂಪಾಗಿ ಮೊಣಕೈಯವರೆಗೆ ಹತ್ತಿತು. ಹದಿನೇಳು ವರ್ಷದ ಬ್ಲೀಚಿಂಗ್ ಪುಡಿಗೆ ಅವಳ ಬೆರಳಚ್ಚುಗಳು ಅಳಿಸಿಹೋಗಿದ್ದವು. ಹಾಜರಿ ಹಾಕುವ ಯಂತ್ರ ಬಂದಾಗ ಅದು ಅವಳ ಹೆಬ್ಬೆಟ್ಟನ್ನು ಒಪ್ಪಿಕೊಳ್ಳಲೇ ಇಲ್ಲ.

ಎಂಟು ತಿಂಗಳ ಹಿಂದೆ ಇದೇ ತೊಟ್ಟಿಯಲ್ಲಿ ಅವಳ ತಂಗಿಯ ಹೆಬ್ಬೆರಳ ಬುಡಕ್ಕೆ ಮುರಿದ ಸೂಜಿಯೊಂದು ಇಳಿದಿತ್ತು. ಹುಡುಗಿ ನಗುತ್ತಲೇ ಕಿತ್ತು ಬಿಸಾಕಿ ಮಿಕ್ಕ ನಲವತ್ತು ಶೀಟು ಒಗೆದಳು. ಸೂಜಿಯಲ್ಲಿದ್ದ ಯಾರದೋ ರಕ್ತದಿಂದ ಲಿವರಿಗೆ ಕಾಯಿಲೆ ಹತ್ತಿ, ನಾಲ್ಕು ತಿಂಗಳಿಗೆ ಅವಳ ಕಣ್ಣು ಹಳದಿಯಾಯಿತು. ಈಗ ಎರಡನೇ ಮಹಡಿಯ ಹೆಂಗಸರ ವಾರ್ಡಿನಲ್ಲಿ, ಮೂಲೆಯ ಮಂಚದಲ್ಲಿ, ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾಗಿ ಮಲಗಿದ್ದಳು. ಅವಳಿಗೆ ಬೇಕಾದ ಔಷಧಿ ರಾಜಧಾನಿಯ ದೊಡ್ಡಾಸ್ಪತ್ರೆಯಲ್ಲಿತ್ತು. "ಕೆಲಸ ಮಾಡುವಾಗ ಆದ ಗಾಯ" ಎಂದು ಇಲ್ಲಿಯ ದೊಡ್ಡ ಡಾಕ್ಟರು ಒಂದು ಕಾಗದಕ್ಕೆ ಸಹಿ ಹಾಕಿದರೆ ಅಲ್ಲಿ ಆ ದಿನವೇ ಸೇರಿಸಿಕೊಳ್ಳುತ್ತಿದ್ದರು. ಕಾಗದವಿಲ್ಲದಿದ್ದರೆ ಎರಡು ವರ್ಷ ಕಾಯಬೇಕು. ತಂಗಿಗೆ ಎರಡು ತಿಂಗಳೂ ಇರಲಿಲ್ಲ.

ಸೋಪಕ್ಕ ಆ ಸಹಿಗಾಗಿ ದೊಡ್ಡ ಡಾಕ್ಟರ ಕೋಣೆಗೆ ಐದು ಸಲ ಹೋಗಿದ್ದಳು. ಐದನೇ ಸಲ ಅವರು ಕನ್ನಡಕ ತೆಗೆದು ಕೇಳಿದ್ದರು: "ಈ ಕಾಯಿಲೆ ಸೂಜಿಯಿಂದಲೇ ಬರಬೇಕಾ? ಬೇರೆ ದಾರೀಲೂ ಬರುತ್ತೆ. ನಿನ್ನ ತಂಗಿ ಎಲ್ಲೆಲ್ಲಿ ಮಲಗಿದ್ಲೋ ಅದಕ್ಕೂ ನಾನು ಸಹಿ ಹಾಕ್ಲಾ?"

ಪಕ್ಕದಲ್ಲಿ ಫೈಲು ಹಿಡಿದು ನಿಂತಿದ್ದ ಗುಮಾಸ್ತ ಕಿಸಕ್ಕೆಂದಿದ್ದ.

ಅದೇ ಗುಮಾಸ್ತ ಇವತ್ತು ಮೂಗಿಗೆ ಕರ್ಚೀಫು ಒತ್ತಿಕೊಂಡು ಒಗೆಯುವ ಮನೆಯ ಒಳಗೇ ಬಂದುಬಿಟ್ಟ. ಕೈಯಲ್ಲಿ ಕಾಗದ, ಕಂಕುಳಲ್ಲಿ ಬೆವರು.

"ಎಲ್ಲಿದೇರೇ ಆ ಮಷೀನು?"

ಬಟ್ಟೆ ಒಗೆಯುವ ಮಷೀನು ಮೂಲೆಯಲ್ಲಿತ್ತು. ಬಂದ ಮೂರೇ ತಿಂಗಳಿಗೆ ಅದರ ಮೋಟಾರು ಸುಟ್ಟು ನಾಲ್ಕು ವರ್ಷವಾಗಿತ್ತು. ಅದರ ಹೊಟ್ಟೆಯೊಳಗೆ ಇವರ ಊಟದ ಡಬ್ಬಿಗಳು, ಹರಿದ ಚಪ್ಪಲಿ ಮತ್ತು ಒಂದು ಇಲಿ ಸಂಸಾರ ಇದ್ದವು.

"ಯಾಕಣ್ಣ, ಹೆಣ್ಣು ನೋಡೋಕೆ ಬಂದ ಮದುವೆ ಗಂಡಿನ ಹಾಗೆ ಬಂದಿದೀಯ?" ಅಂದಳು ಗಿಡ್ಡಿ.

"ಬಾಯ್ಮುಚ್ಚೇ. ಶಾಸನಸಭೆ ಪ್ರಶ್ನೆ ಬಂದಿದೆ. ನಾಳೆ ಸಾಯಂಕಾಲದೊಳಗೆ ಉತ್ತರ ಹೋಗ್ಬೇಕು. ಯಾವಳೋ ಶಾಸಕನ ಕಿವಿ ಊದಿದಾಳೆ."

ಸೋಪಕ್ಕ ಕೈಲಿದ್ದ ಶೀಟನ್ನು ತೊಟ್ಟಿಗೆ ಬಿಟ್ಟಳು. ಊದಿದವಳು ತಂಗಿ. ವಿರೋಧ ಪಕ್ಷದ ಶಾಸಕನೊಬ್ಬ ತನ್ನ ಹುಟ್ಟುಹಬ್ಬಕ್ಕೆ ರೋಗಿಗಳಿಗೆ ಬ್ರೆಡ್ಡು ಹಂಚಲು ಬಂದಿದ್ದಾಗ, ಬ್ರೆಡ್ಡು ಬಿಟ್ಟು ಅವನ ತೋಳು ಹಿಡಿದುಕೊಂಡಿದ್ದಳು. ಹಿಡಿದ ಕೈ ಬಿಡದೆ ಸೂಜಿಯಿಂದ ಹಿಡಿದು ಸಹಿಯವರೆಗೆ ಎಲ್ಲ ಹೇಳಿದ್ದಳು. ಶಾಸಕ ಹಿಂದಿದ್ದವನಿಗೆ "ಬರ್ಕೊಳ್ಳಯ್ಯಾ" ಅಂದಿದ್ದ. ಹಾಗಾದರೆ ಅವನು ನಿಜವಾಗಿಯೂ ಬರೆದುಕೊಂಡಿದ್ದ!

"ಏನಂತ ಕೇಳಿದಾರೆ, ಓದಿ ಸಾರ್," ಅಂದಳು.

ಗುಮಾಸ್ತ ಓದಿದ. "ಅ: ಸದರಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಯಂತ್ರವು ಕಾರ್ಯನಿರ್ವಹಿಸುತ್ತಿದೆಯೇ? ಆ: ಇಲ್ಲದಿದ್ದಲ್ಲಿ, ಕೈಯಿಂದ ಒಗೆಯುವಾಗ ಸೂಜಿ ಚುಚ್ಚಿ ರೋಗಕ್ಕೆ ತುತ್ತಾದವರೆಷ್ಟು? ಇ: ಅವರ ಚಿಕಿತ್ಸೆಗೆ ಸರ್ಕಾರ ಕೈಗೊಂಡ ಕ್ರಮವೇನು? ಆಯ್ತಾ? ನಾಳೆ ಮಷೀನಿನ ಫೋಟೋ ತೆಗೀತಾರೆ. ಉತ್ತರದ ಜೊತೆ ಹೋಗುತ್ತೆ."

ಅವನು ಹೋದದ್ದೇ ಗಿಡ್ಡಿ ಸೋಪಕ್ಕನ ಸೊಂಟ ಹಿಡಿದು ಎರಡು ಸುತ್ತು ತಿರುಗಿಸಿದಳು. "ಕೇಳಿದ್ರಲ್ಲೇ ಅಕ್ಕ! ಎಷ್ಟು ಜನ ಅಂತ ಕೇಳಿದ್ರು! ಒಬ್ಬಳು ಅಂತ ಬರೀಬೇಕು ತಾನೇ? ಬರೆದ್ಮೇಲೆ ಔಷಧಿ ಕೊಡ್ಬೇಕು ತಾನೇ?"

ಆಮೇಲೆ ಮಾಡಿದ್ದು ಒಗೆಯುವವರು ಮಾತ್ರ ಮಾಡುವ ತಪ್ಪು. ಸಭೆಯ ದೊಡ್ಡವರೆಲ್ಲ ನೋಡುವ ಫೋಟೋದಲ್ಲಿ ಮಷೀನು ಗಲೀಜಾಗಿ ಕಾಣುವುದೆಂದರೆ ಸೋಪಕ್ಕನಿಗೆ ತನ್ನ ಮುಖಕ್ಕೇ ಮಸಿ ಬಳಿದಂತೆ. "ಕೆಟ್ಟಿರೋದು ಮೋಟಾರು. ಮೈಗೇನಾಗಿದೆ? ಒಗೆಯೋರ ಮನೆ ಕೊಳಕು ಅಂದ್ಕೊಂಡ್ರೆ ನಮ್ಮ ಮಾತಿಗೆ ಯಾವನು ಬೆಲೆ ಕೊಡ್ತಾನೆ?" ಅಂದಳು. ಇಬ್ಬರೂ ಸೇರಿ ಇಲಿಗಳನ್ನು ಓಡಿಸಿದರು. ತುಕ್ಕಿಗೆ ಆಸಿಡ್ಡು ಹಾಕಿ, ಮರಳು ಹಾಕಿ, ತೆಂಗಿನ ನಾರು ಸವೆಯುವ ತನಕ ತಿಕ್ಕಿದರು. ಸಾಯಂಕಾಲಕ್ಕೆ ಅದರ ಬಾಗಿಲಲ್ಲಿ ಮುಖ ಕಾಣುತ್ತಿತ್ತು.

ಮರುದಿನ ಗುಮಾಸ್ತ ಬಂದವನು ಮಷೀನು ನೋಡಿ ಬಾಯಿ ಬಿಟ್ಟ. "ಭೇಷ್! ನಾನು ಬಣ್ಣ ಹೊಡೆಸ್ಬೇಕು ಅಂತಿದ್ದೆ."

ವೈರಿಂಗಿನವನು ತಂತಿ ಜೋಡಿಸಿದ. ಮೋಟಾರು ಸತ್ತಿದ್ದರೂ ದೀಪ ಬದುಕಿತ್ತು. ಹಸಿರು ದೀಪ ಹತ್ತಿಕೊಂಡಿತು. ಹೆಂಗಸರಿಬ್ಬರಿಗೂ ಪ್ಯಾಕೆಟ್ಟು ಒಡೆದು ಹೊಸ ಗ್ಲೌಸು, ಟೋಪಿ ಕೊಟ್ಟರು. ಹದಿನೇಳು ವರ್ಷದಲ್ಲಿ ಮೊದಲ ಗ್ಲೌಸು.

"ನಗ್ರೇ. ಹೆಣ ಕಾಯೋರ ಥರ ನಿಂತ್ಕೋಬೇಡಿ," ಅಂದ ಗುಮಾಸ್ತ.

ಸೋಪಕ್ಕನಿಗೆ ತಂಗಿ ಕಣ್ಮುಂದೆ ಬಂದಳು. ದೊಡ್ಡಾಸ್ಪತ್ರೆಯ ಹಾಸಿಗೆ, ಕೈಗೆ ಹಾಕಿದ ಔಷಧಿಯ ನಳಿಗೆ. ಹಲ್ಲೆಲ್ಲ ಕಾಣುವ ಹಾಗೆ ನಕ್ಕಳು. ಫೋಟೋ ಆದ ಮೇಲೆ ಗ್ಲೌಸು ಬಿಚ್ಚಿಸಿಕೊಂಡು ಗುಮಾಸ್ತ ಮತ್ತೆ ಪ್ಯಾಕೆಟ್ಟಿಗೆ ತುಂಬಿದ.

ವಾರ ಕಳೆದು ಸಭೆಯ ದಿನ ಬಂತು. ಹೊರರೋಗಿಗಳು ಕೂರುವ ಹಾಲಿನಲ್ಲಿ ಟೀವಿ ಇತ್ತು. ಒದ್ದೆ ಕಾಲಲ್ಲಿ ಇಬ್ಬರೂ ಕಂಬದ ಪಕ್ಕ ನಿಂತರು. ಗುಮಾಸ್ತನೂ ಟೀ ಹಿಡಿದು ಬಂದ. ಶಾಸಕ ಎದ್ದು ಪ್ರಶ್ನೆಯ ನಂಬರು ಹೇಳಿದ. ಮಂತ್ರಿ ಎದ್ದು ಓದಿದ:

"ಅ: ಹೌದು, ಕಾರ್ಯನಿರ್ವಹಿಸುತ್ತಿದೆ. ಆ: ಉದ್ಭವಿಸುವುದಿಲ್ಲ. ಇ: ಉದ್ಭವಿಸುವುದಿಲ್ಲ."

"ಮಾನ್ಯ ಅಧ್ಯಕ್ಷರೇ, ಆ ವಾರ್ಡಿನಲ್ಲಿ ಒಬ್ಬ ಹೆಣ್ಣುಮಗಳು ನನ್ನ ಕೈ ಹಿಡಿದು..." ಎಂದ ಶಾಸಕ.

"ಯಾರ‍್ಯಾರು ನಿಮ್ಮ ಕೈ ಹಿಡೀತಾರೆ ಅನ್ನೋದು ನಮ್ಮ ಇಲಾಖೆಗೆ ಬರಲ್ಲ," ಎಂದ ಮಂತ್ರಿ. ಸಭೆ ಗೊಳ್ಳೆಂದಿತು. ಮಂತ್ರಿ ಫೋಟೋ ಎತ್ತಿ ಹಿಡಿದ. "ನೋಡಿ, ಮಷೀನು ಹೇಗೆ ಹೊಳೀತಿದೆ. ನಮ್ಮ ತಾಯಂದಿರು ಹೇಗೆ ನಗ್ತಿದಾರೆ. ಕಷ್ಟದಲ್ಲಿರೋರು ಹೀಗೆ ನಗ್ತಾರಾ?"

ಮೇಜು ಬಡಿದರು. ಶಾಸಕ ತಾನೂ ನಕ್ಕು, ಕೈಯಾಡಿಸಿ, ಕುಳಿತುಬಿಟ್ಟ. ಅಧ್ಯಕ್ಷರು ಮುಂದಿನ ಪ್ರಶ್ನೆ ಕರೆದರು. ಅದು ಯಾವುದೋ ಸೇತುವೆಯದು.

"ಅಕ್ಕಾ, ಅದು ನಾವೇ ಕಣೇ," ಅಂದಳು ಗಿಡ್ಡಿ ಮೆಲ್ಲಗೆ.

"ಉದ್ಭವಿಸುವುದಿಲ್ಲ ಅಂದ್ರೇನು ಸಾರ್?" ಸೋಪಕ್ಕ ಗುಮಾಸ್ತನನ್ನು ಕೇಳಿದಳು.

ಗುಮಾಸ್ತ ಟೀ ಊದಿದ. "ಸುಲಭ. ಮಷೀನು ಓಡ್ತಿದೆ ಅಂದ್ಮೇಲೆ ಕೈಯಲ್ಲಿ ಒಗೆಯೋರಿಲ್ಲ. ಒಗೆಯೋರಿಲ್ಲ ಅಂದ್ಮೇಲೆ ಸೂಜಿ ಇಲ್ಲ. ಸೂಜಿ ಇಲ್ಲ ಅಂದ್ಮೇಲೆ ನಿನ್ನ ತಂಗಿ ಇಲ್ಲ."

"ಮೇಲ್ಗಡೆ ಮಲಗಿದಾಳಲ್ಲ?"

"ರೋಗಿ ಇದಾಳೆ. ಗಾಯ ಆದವಳು ಇಲ್ಲ. ಇನ್ನು ಆ ಕಾಗದದ ಆಸೆ ಬಿಡು. ಈಗ ದೊಡ್ಡ ಡಾಕ್ಟರು ಸಹಿ ಹಾಕಿದ್ರೆ ಸಭೆಗೇ ಸುಳ್ಳು ಹೇಳಿದ ಹಾಗಾಗುತ್ತೆ. ಕೆಲಸ ಹೋಗುತ್ತೆ ಅವರದು." ಟೀ ಮುಗಿಸಿ ಹೊರಟ. "ನೀನೇ ಅಲ್ವೇನೇ ತಿಕ್ಕಿ ತಿಕ್ಕಿ ಹೊಳೆಸಿದ್ದು?"

ಸೋಪಕ್ಕ ಒಗೆಯುವ ಮನೆಗೆ ಬಂದಳು. ಆ ದಿನದ ಶೀಟುಗಳನ್ನು, ರಕ್ತದ್ದು, ಕೀವಿನದು, ಹೇಲಿನದು, ಒಂದೊಂದಾಗಿ ಎತ್ತಿ ಮಷೀನಿಗೆ ತುರುಕಿದಳು. ಕಾಲಿನಿಂದ ಒತ್ತಿ ತುರುಕಿದಳು. ಬಾಗಿಲು ಹಾಕಿದಳು.

"ಏನೇ ಅಕ್ಕ ಇದು?"

"ಓಡ್ತಿದೆಯಂತಲ್ಲ. ಓಡ್ಲಿ."

ಇಬ್ಬರೂ ಒಣ ತೊಟ್ಟಿಯ ಅಂಚಿನಲ್ಲಿ ಕುಳಿತರು. ಮೇಸ್ತ್ರಿ ಬಂದು ಅಮ್ಮ ಅಕ್ಕ ಎಲ್ಲ ಸೇರಿಸಿ ಬೈದ. "ಮಷೀನಿಗೆ ಹೇಳು," ಅಂದಳು ಸೋಪಕ್ಕ. ಎರಡನೇ ದಿನವೂ ಅದನ್ನೇ ಅಂದಳು. ಒಗೆಯುವ ಕೆಲಸದ ಗುತ್ತಿಗೆದಾರ ಬೇರೆ ಊರಿಂದ ಇಬ್ಬರು ಹೆಂಗಸರನ್ನು ಕರೆತರಲು ಗಾಡಿ ಕಳಿಸಿದ್ದಾನೆಂದು ಸುದ್ದಿ ಬಂತು.

ಒಗೆಯುವುದು ನಿಂತರೆ ದೊಡ್ಡವರಿಗೆ ಬಿಸಿ ತಟ್ಟುತ್ತದೆಂದು ಸೋಪಕ್ಕ ಎಣಿಸಿದ್ದಳು. ತಟ್ಟಲಿಲ್ಲ. ಥಿಯೇಟರಿಗೂ ವಿಶೇಷ ವಾರ್ಡಿಗೂ ಬೀರುವಿನಲ್ಲಿ ಹೊಸ ಶೀಟುಗಳಿದ್ದವು. ಮಂಚದಿಂದ ಶೀಟು ಕಿತ್ತದ್ದು ಎರಡನೇ ಮಹಡಿಯಲ್ಲಿ. ಅವಳು ಮೇಲೆ ಹೋದಾಗ ತಂಗಿ ಬರೀ ರೆಕ್ಸಿನ್ನಿನ ಮೇಲೆ ಮಲಗಿದ್ದಳು. ಬೆನ್ನಿನ ಹುಣ್ಣು ರೆಕ್ಸಿನ್ನಿಗೆ ಅಂಟಿತ್ತು.

"ಅಕ್ಕಾ, ತಣ್ಣಗೆ ಕೊರೀತಿದೆ ಕಣೇ. ಒಂದಾದ್ರೂ ಒಗೆದು ತಾರೇ."

ಸೋಪಕ್ಕ ಮೆಟ್ಟಿಲಿಳಿದಳು. ನೇರ ದೊಡ್ಡ ಡಾಕ್ಟರ ಕೋಣೆಗೆ ಹೋದಳು. ಅವರು ಫೋನಿನಲ್ಲಿದ್ದರು. ಪಕ್ಕದ ಪರೀಕ್ಷೆಯ ಮಂಚದ ಮೇಲೆ ಇಸ್ತ್ರಿ ಮಾಡಿದ ಬಿಳಿ ಶೀಟಿತ್ತು. ಒಂದೇ ಎಳೆತಕ್ಕೆ ಎಳೆದು ಹೆಗಲಿಗೆ ಹಾಕಿಕೊಂಡಳು.

"ಏಯ್! ಎಲ್ಲಿಗೇ ಅದು?"

"ಮಷೀನಿಗೆ ಸಾರ್," ಅಂದು ಮೆಟ್ಟಿಲು ಹತ್ತಿದಳು.

ತಂಗಿಯನ್ನು ಅತ್ತ ಹೊರಳಿಸಿ, ಇತ್ತ ಹೊರಳಿಸಿ, ಸುಕ್ಕಿಲ್ಲದಂತೆ ಹಾಸಿದಳು. ತಂಗಿ ಬಟ್ಟೆಗೆ ಕೆನ್ನೆ ಒತ್ತಿಕೊಂಡಳು.

"ಟೀವೀಲಿ ನನ್ನ ವಿಷಯ ಬಂತಂತೆ ಹೌದೇನೇ? ನರ್ಸಮ್ಮ ಹೇಳಿದ್ಲು. ಏನಂದ್ರು?"

ಸೋಪಕ್ಕ ಅವಳ ಕೂದಲು ಸರಿಮಾಡಿದಳು. ಅಷ್ಟರಲ್ಲಿ ಗುಮಾಸ್ತ, ಹಿಂದೆ ಕಾವಲಿನವನು, ಇಬ್ಬರೂ ಏದುಸಿರು ಬಿಡುತ್ತಾ ಬಂದರು.

"ಕೊಡೇ ಶೀಟು, ಕಳ್ಳಿ! ಸಾಹೇಬ್ರು ಕೆಂಡ ಆಗಿದಾರೆ!" ಗುಮಾಸ್ತ ಶೀಟಿನ ತುದಿ ಹಿಡಿದು ಎಳೆದ. ತಂಗಿ ನರಳಿದಳು. ಶೀಟು ಬರಲಿಲ್ಲ.

ಸುತ್ತಲ ಮಂಚಗಳಲ್ಲಿ ಮಲಗಿದ್ದವರು ತಲೆ ಎತ್ತಿದರು. ಸೋಪಕ್ಕ ತಂಗಿಯ ತಲೆದೆಸೆಯಲ್ಲಿ ಕುಳಿತಿದ್ದಳು. ಏಳಲಿಲ್ಲ.

"ಎಳಿ ಸಾರ್," ಅಂದಳು. "ಅವಳಿಲ್ಲ ಅಂತ ನೀವೇ ಅಂದ್ರಲ್ಲ. ಇಲ್ಲದವಳು ಎಷ್ಟು ಭಾರ ಇರ್ತಾಳೆ? ಎಳಿ."

ಗುಮಾಸ್ತ ಎಳೆಯಲಿಲ್ಲ. ಹಿಡಿದ ತುದಿಯನ್ನು ಬಿಡಲೂ ಇಲ್ಲ. ತಂಗಿಯ ಬೆನ್ನಿನ ಹುಣ್ಣು ಒಡೆದಿರಬೇಕು. ಬಿಳಿ ಶೀಟಿನಲ್ಲಿ ಕೆಂಪು ನಿಧಾನವಾಗಿ ಹರಡುತ್ತಾ ಅವನ ಬೆರಳುಗಳ ಕಡೆಗೆ ಬರುತ್ತಿತ್ತು.