ಒಂದು ಚುಕ್ಕಿ ಮೂವತ್ತು

ಪಹಣಿಯಲ್ಲಿ ೧.೩೦ ಅಂತ ಬರೆದರೆ ಒಂದೆಕರೆ ಮೂವತ್ತು ಗುಂಟೆ. ನಲವತ್ತು ಗುಂಟೆಗೆ ಒಂದೆಕರೆ. ಇದಕ್ಕೆ ಕಾಲೇಜು ಬೇಡ; ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು.

ಮೂವತ್ತೊಂದು ವರ್ಷ ಸರ್ವೆಯವರ ಹಿಂದೆ ಸರಪಳಿ ಎಳೆದೆ. ಈಗ ಚಿಕ್ಕಬಳ್ಳಾಪುರದಲ್ಲಿ, ಜಮೀನಿನ ನಕ್ಷೆಯನ್ನು ಫೋನಿಗೆ ಹಾಕುವ ಒಂದು ಸಣ್ಣ ಕಂಪನಿಯಲ್ಲಿ ಹಳೇ ಗಡಿಕಲ್ಲು ತೋರಿಸುವ ಕೆಲಸ. ಊರಿನ ನಕ್ಷೆ ನೋಡಿ, ಸರಿ ಇದ್ದರೆ ಮುನಿವೆಂಕಟಪ್ಪ ಅಂತ ರುಜು ಹಾಕುತ್ತೇನೆ. ಆಮೇಲೆ ಅದು ಜನರ ಕೈಗೆ ಹೋಗುತ್ತದೆ.

ಸಂಕ್ರಾಂತಿ ಹೊತ್ತಿಗೆ ಕೈವಾರದ ಕಡೆ ಒಂದು ತಪ್ಪು ಹಿಡಿದಿದ್ದೆ. ಎರಡು ಚುಕ್ಕಿ ಇಪ್ಪತ್ತು ಅಂದರೆ ಎರಡೂವರೆ ಎಕರೆ. ಕಂಪ್ಯೂಟರು ಆ ಚುಕ್ಕಿಯನ್ನು ದಶಾಂಶ ಅಂದುಕೊಂಡು, ಎರಡೆಕರೆ ಎಂಟು ಗುಂಟೆ ಮಾಡಿ ಗೆರೆ ಎಳೆದಿತ್ತು. ಪ್ರೋಗ್ರಾಮ್ ಬರೆಯುವ ತನುಜ ಅವತ್ತೇ ಸರಿ ಮಾಡಿದಳು. ಮುಗೀತು ಅಂದುಕೊಂಡೆ.

ಯುಗಾದಿ ಆದ ವಾರಕ್ಕೆ ಶಿಡ್ಲಘಟ್ಟದ ಪಕ್ಕದ ಹಳ್ಳಿಯಿಂದ ಬಿಸ್ಮಿಲ್ಲಾ ಬೀ ಮೊದಲನೇ ಬಸ್ಸಿಗೇ ಬಂದು ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ತಂದೆಯ ಜಮೀನು ಅಳೆದಾಗ ಸರಪಳಿಯ ಒಂದು ತುದಿ ನನ್ನ ಕೈಯಲ್ಲೇ ಇತ್ತು.

"ಮುನಿವೆಂಕಟಪ್ಪಣ್ಣಾ, ಕಲ್ಲು ಕಾಲು ಬಂದು ನಡೀತದಾ?"

"ಯಾಕವ್ವಾ?"

"ಪಕ್ಕದ ವೆಂಕಟರವಣಪ್ಪ ನನ್ನ ಸೊಪ್ಪಿನ ತೋಟದೊಳಗೆ ತಂತಿ ಎಳೆದವ್ನೆ. ಕೇಳಿದ್ರೆ ಫೋನು ಹೇಳ್ತದೆ, ನಾನಲ್ಲ ಅಂತಾನೆ. ಹುಳ ನಾಲ್ಕನೇ ಜ್ವರ ಎದ್ದವೆ ಅಣ್ಣಾ. ಎರಡು ದಿನದಿಂದ ಅರೆಹೊಟ್ಟೆ."

ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ ರೇಷ್ಮೆಹುಳ ತಿನ್ನುವುದು ಅಷ್ಟಿಷ್ಟಲ್ಲ. ಆ ವಾರ ಹಿಪ್ಪುನೇರಳೆ ಸೊಪ್ಪು ತಪ್ಪಿದರೆ ಗೂಡು ಕಟ್ಟುವುದಿಲ್ಲ.

ಅವಳ ಪಹಣಿ ನೋಡಿದೆ. ಒಂದು ಚುಕ್ಕಿ ಮೂವತ್ತು. ನಮ್ಮ ನಕ್ಷೆ ತೆಗೆಸಿದೆ. ಒಂದೆಕರೆ ಹನ್ನೆರಡು ಗುಂಟೆ! ಹದಿನೆಂಟು ಗುಂಟೆ ಪಕ್ಕದವನ ಪಾಲಿಗೆ ಹೋಗಿತ್ತು. ಕೆಳಗೆ ನನ್ನ ರುಜು. ನಾನು ರುಜು ಹಾಕಿದ ದಿನ ಆ ಗೆರೆ ಸರಿ ಇತ್ತು. ಮೈ ಉರಿದುಹೋಯಿತು.

"ತನುಜಮ್ಮಾ, ಇದನ್ನ ಸರಿ ಮಾಡಿದ್ಯಲ್ಲಮ್ಮಾ?"

ಅವಳು ನೋಡಿದಳು, ಮುಖ ಕಪ್ಪಾಯಿತು. "ಮಾಡಿದ್ದೆ ತಾತ. ಹೋದ ವಾರ ಭಾನು ಸಾರ್ ತಮ್ಮ ಪೆನ್‌ಡ್ರೈವ್‌ನಲ್ಲಿದ್ದ ಹಳೇ ಪ್ರೋಗ್ರಾಮ್ ತಂದು, ನಾನು ಸರಿ ಮಾಡಿದ್ದರ ಮೇಲೇ ಹಾಕ್ಬಿಟ್ಟಿದಾರೆ."

ಭಾನುಪ್ರಕಾಶ್ ನಮ್ಮ ಯಜಮಾನ. ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ಸೋಮವಾರ ನೋಡೋಣ ತಾತ. ಗೌರಿಬಿದನೂರು ಕಡೆ ಊರುಗಳ ನಕ್ಷೆ ಲಿಸ್ಟು ಇವತ್ತೇ ಹೋಗ್ಬೇಕು. ನೀವು ಅದಕ್ಕೆ ಸೈನ್ ಹಾಕಿ ಸಾಕು."

"ಹುಳಕ್ಕೆ ಸೋಮವಾರ ಗೊತ್ತಾ ಅಪ್ಪಾ?" ಅಂದೆ. ನಾನು ಗಟ್ಟಿಯಾಗಿ ಮಾತಾಡುವವನಲ್ಲ. ಅವತ್ತು ಆಡಿದೆ. "ನಮ್ಮ ಹಳೇ ಆಫೀಸಿನ ಮುಂದೆ ಸರಪಳಿ ಉದ್ದಕ್ಕೆ ಸರಿಯಾಗಿ ಎರಡು ಕಲ್ಲು ನೆಟ್ಟಿದ್ರು. ದಿನಾ ಹೊರಡೋ ಮುಂಚೆ ಸರಪಳೀನ ಆ ಕಲ್ಲಿಗೆ ಹಿಡಿದು ನೋಡ್ಬೇಕು. ಎಳೆದೂ ಎಳೆದೂ ಕೊಂಡಿ ಬಾಯಿ ಬಿಡ್ತದೆ, ಸರಪಳಿ ಉದ್ದ ಆಗ್ತದೆ. ನಿನ್ನೆ ಸರಿ ಇತ್ತು ಅಂತ ಯಾವ ಸರ್ವೆಯರೂ ಹಾಗೇ ಹೊರಡ್ತಿರಲಿಲ್ಲ. ಅಳತೆ ಪುಸ್ತಕದಲ್ಲಿ ಅಂಕಿ ತಪ್ಪಿದ್ರೆ ಅಳಿಸಂಗಿಲ್ಲ. ಗೀಟು ಹಾಕಿ, ಪಕ್ಕದಲ್ಲಿ ಬರೆದು, ಯಾರು ತಿದ್ದಿದ್ದು ಅಂತ ರುಜು. ನೀನು ಜೇಬಿಂದ ತೆಗೆದು ಮೇಲೆ ಸುರಿದ್ಯಲ್ಲಪ್ಪಾ! ಅದೂ ನನ್ನ ಹೆಸರಿನ ಮೇಲೆ!"

"ನಾನೂ ಅದನ್ನೇ ಆರು ತಿಂಗಳಿಂದ ಹೇಳ್ತಿರೋದು" ಅಂದಳು ತನುಜ. "ಎಲ್ಲರ ಕೆಲಸಾನೂ ಒಂದೇ ಕಡೆ ಇಡಣ, ಯಾರು ಏನು ಬದಲಾಯಿಸಿದ್ರು ಗೊತ್ತಾಗ್ಲಿ. ಟೆಸ್ಟ್ ಬರೆಯಣ. ಒಂದು ಚುಕ್ಕಿ ಮೂವತ್ತು ಕೊಟ್ರೆ ಎಪ್ಪತ್ತು ಗುಂಟೆ ಬರ್ಲೇಬೇಕು. ಬರದಿದ್ರೆ ಹೊಸದು ಹೋಗಲೇಬಾರದು. ಟೈಮ್ ವೇಸ್ಟ್ ಅಂತೀರ ಸಾರ್."

"ಅವಳು ಹೇಳಿದ್ದು ಆಗೋವರೆಗೂ ಗೌರಿಬಿದನೂರಿಗೆ ನನ್ನ ರುಜು ಇಲ್ಲ" ಅಂದು ಪೆನ್ನು ಮೇಜಿನ ಮೇಲಿಟ್ಟೆ.

"ಬ್ಲ್ಯಾಕ್‌ಮೇಲಾ ತಾತ?"

"ಏನಾದ್ರೂ ಅನ್ಕೋ."

ಬಾಗಿಲಲ್ಲಿ ನಿಂತಿದ್ದ ಬಿಸ್ಮಿಲ್ಲಾ ಬೀ, "ಬೇಗ ಬೈದು ಮುಗಿಸ್ರಪ್ಪಾ, ಹನ್ನೊಂದರ ಬಸ್ಸೂ ಹೋಯ್ತು" ಅಂದಳು.

ಭಾನು ಕುರ್ಚಿ ಎಳೆದುಕೊಂಡು ತನುಜನ ಪಕ್ಕ ಕೂತ. ಮಧ್ಯಾಹ್ನ ಎರಡರ ಹೊತ್ತಿಗೆ ಅವಳ ಟೆಸ್ಟ್ ಓಡಿತು. ಪರದೆ ತುಂಬ ಕೆಂಪು. ಗೌರಿಬಿದನೂರಿನ ಲಿಸ್ಟಿನಲ್ಲೇ ಹನ್ನೊಂದು ಊರು ತಪ್ಪು. ಎಲ್ಲಾ ತಿದ್ದಿ ಜನರ ಫೋನಿಗೆ ಕಳಿಸಿದ ಮೇಲೆ ಭಾನು ಕಾರಲ್ಲೇ ಬಿಸ್ಮಿಲ್ಲಾ ಬೀ ಊರಿಗೆ ಹೊರಟೆವು.

ವೆಂಕಟರವಣಪ್ಪ ತಂತಿ ಪಕ್ಕದಲ್ಲೇ ನಿಂತು ಫೋನನ್ನು ಎರಡು ಸಲ ಉಜ್ಜಿದ. ಗೆರೆ ಅವನ ಕಾಲ ಹಿಂದಕ್ಕೆ ಹೋಗಿತ್ತು.

"ಹೋದ ವಾರ ಹಂಗೆ, ಈ ವಾರ ಹಿಂಗೆ. ತಂತಿ ಬಿಚ್ತೀನಿ, ನಂಗೇನೂ ಬೇರೆಯವರ ಭೂಮಿ ಬೇಡ. ಮುಂದಿನ ವಾರ ಹೆಂಗೆ ತೋರಿಸ್ತದಯ್ಯಾ ಇದು?"

ಭಾನು ನನ್ನ ಮುಖ ನೋಡಿದ.

"ನನ್ನನ್ನೇನು ನೋಡ್ತೀಯ? ಕೇಳ್ತಿರೋದು ನಿನ್ನನ್ನ" ಅಂದೆ.

ಅವನ ಉತ್ತರಕ್ಕೆ ಬಿಸ್ಮಿಲ್ಲಾ ಬೀ ಕಾಯಲಿಲ್ಲ. ತಂತಿ ಪೂರ್ತಿ ಬಿಚ್ಚುವ ಮೊದಲೇ ಬಗ್ಗಿ ಒಳಗೆ ನುಗ್ಗಿ, ಕುಡುಗೋಲು ಹಾಕಿ ಸೊಪ್ಪು ಕೊಯ್ಯತೊಡಗಿದ್ದಳು.